ಫೈಲಿನಲ್ಲಿ ಇಲ್ಲದ ಕಾಗದ: ಆಸ್ತಿ ವ್ಯವಹಾರಕ್ಕೆ ವಕೀಲರು ಏಕೆ, ಎಂಥವರು, ಯಾವಾಗ

ಸೈಟು ಮಾರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇದ್ದೇ ಇರುತ್ತದೆ. ಅದರೊಳಗೆ ನೋಂದಣಿಯಾದ ಕ್ರಯಪತ್ರ, ಹದಿನೈದು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಅವರದೇ ಹೆಸರಿನ ಖಾತೆ, ಈ ಸಾಲಿನ ಕಂದಾಯ ಕಟ್ಟಿದ ರಸೀದಿ. ನಾಲ್ಕೂ ಅಸಲಿಯಾಗಿರಬಹುದು, ಒಂದರಲ್ಲೂ ಒಂದಕ್ಷರ ಸುಳ್ಳು ಇಲ್ಲದಿರಬಹುದು. ಅಷ್ಟಾದರೂ ಆ ಸೈಟು ಅವರದಲ್ಲದೇ ಇರಬಹುದು. ಕರ್ನಾಟಕದಲ್ಲಿ ಆಸ್ತಿ ಕೊಳ್ಳುವವರಿಗೆ ಮೊದಲು ಅರ್ಥವಾಗಬೇಕಾದದ್ದು ಈ ವಿಚಿತ್ರ. ಇದು ಅರ್ಥವಾದರೆ ವಕೀಲರಿಗೆ ಶುಲ್ಕ ಕೊಡುವುದು ಯಾತಕ್ಕೆ ಎಂಬುದೂ ಅರ್ಥವಾಗುತ್ತದೆ.

ನಮ್ಮ ದೇಶದಲ್ಲಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನೇ ಹೊರತು ಹಕ್ಕನ್ನಲ್ಲ. ಬರೆದುಕೊಡುತ್ತಿರುವವರು ಇವರೇ ಹೌದೇ, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದ್ದಾರೆಯೇ, ಸಾಕ್ಷಿಗಳು ಬಂದಿದ್ದಾರೆಯೇ ಎಂಬಷ್ಟನ್ನು ಅವರು ನೋಡುತ್ತಾರೆ. ಮಾರುವವರಿಗೆ ಮಾರುವ ಹಕ್ಕು ನಿಜವಾಗಿ ಇತ್ತೇ ಎಂದು ತೀರ್ಮಾನಿಸುವ ಕೆಲಸವನ್ನು 1908ರ ನೋಂದಣಿ ಕಾಯ್ದೆ ಅವರಿಗೆ ವಹಿಸಿಲ್ಲ. ಈಚೆಗೆ ಇ-ಖಾತೆ ಇಲ್ಲದೆ ನೋಂದಣಿ ಆಗದಂತೆ ಮಾಡಿರುವುದರಿಂದ ಹಸಿ ಹಸಿ ಮೋಸಗಳಿಗೆ ಸ್ವಲ್ಪ ಕಡಿವಾಣ ಬಿದ್ದಿದೆ. ಆದರೆ ಖಾತೆ ಎಂಬುದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂದು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡ ಲೆಕ್ಕ. ಪಹಣಿ, ಮ್ಯುಟೇಷನ್ನುಗಳೂ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮೂಲತಃ ಕಂದಾಯದ ಲೆಕ್ಕಗಳೇ. ಅವುಗಳಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹೀಗಾಗಿ ಹಕ್ಕಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತಟ್ಟಿ ನೋಡುವ ಹೊಣೆ ಕೊಳ್ಳುವವರ ತಲೆಯ ಮೇಲೆಯೇ ಬೀಳುತ್ತದೆ. ಆ ಹೊಣೆಯನ್ನು ನಾವು ವಕೀಲರಿಗೆ ಒಪ್ಪಿಸುತ್ತೇವೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಆಸ್ತಿ ವಕೀಲರ ಅನುಭವವನ್ನು ಅವರು ಗೆದ್ದ ಕೇಸುಗಳಿಂದ ಅಳೆಯುವುದು ನಮ್ಮಲ್ಲಿ ರೂಢಿ. ನನಗೆ ಆ ಅಳತೆಯಲ್ಲಿ ನಂಬಿಕೆ ಇಲ್ಲ. ಫೈಲಿನಲ್ಲಿ ಇರುವ ಕಾಗದವನ್ನು ಯಾರು ಬೇಕಾದರೂ ಓದಬಲ್ಲರು. ಇಲ್ಲದ ಕಾಗದ ಯಾವುದು ಎಂದು ಕಂಡುಹಿಡಿದು, ಅದು ಬರುವವರೆಗೆ ಮುಂಗಡ ಕೊಡಬೇಡಿ ಎಂದು ಕಕ್ಷಿದಾರರಿಗೆ ಖಡಾಖಂಡಿತವಾಗಿ ಹೇಳುವವರೇ ಅನುಭವಿಗಳು.

ಕಾಗದ ಹೇಳುವುದು, ಹೇಳದಿರುವುದು

ಇ.ಸಿ. ಅಥವಾ ಋಣಭಾರ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಪಡೆಯಬಹುದಾದ್ದರಿಂದ ಅದರ ಮೇಲೆ ಜನರಿಗೆ ಅಪಾರ ವಿಶ್ವಾಸ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಉಯಿಲು, ಪಂಚಾಯಿತಿ ಕಟ್ಟೆಯಲ್ಲಿ ಬರೆದ ಪಾಲುಪಟ್ಟಿ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಬಿ.ಡಿ.ಎ. (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಥವಾ ಕೆ.ಐ.ಎ.ಡಿ.ಬಿ. (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹೊರಡಿಸಿದ ಭೂಸ್ವಾಧೀನದ ಅಧಿಸೂಚನೆ, ಇವು ಯಾವುವೂ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ದಾವೆಯ ವಿಷಯವಂತೂ ಅಪಾಯಕಾರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನ ಪ್ರಕಾರ ದಾವೆ ನಡೆಯುತ್ತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು. ದಾವೆ ಇದ್ದದ್ದು ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಎಚ್ಚರದ ವಕೀಲರು ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರನ್ನು, ಅವರ ಅಣ್ಣತಮ್ಮಂದಿರ ಹೆಸರನ್ನು, ಅವರಿಗೆ ಮಾರಿದವರ ಹೆಸರನ್ನು ಹಾಕಿ ಹುಡುಕುತ್ತಾರೆ. ಕಂದಾಯ ನ್ಯಾಯಾಲಯಗಳ ಕೇಸುಗಳಿಗೆ ಬೇರೆಯೇ ತಾಣವಿದೆ, ಅದನ್ನೂ ನೋಡುತ್ತಾರೆ.

ಇನ್ನು ಜಮೀನು ಎಲ್ಲಿಂದ ಹುಟ್ಟಿತು ಎಂಬ ಪ್ರಶ್ನೆ. ಇವತ್ತಿನ ಬಡಾವಣೆಯ ಕೆಳಗೆ ನಿನ್ನೆಯ ಹೊಲವಿದೆ, ಆ ಹೊಲಕ್ಕೆ ಒಂದು ಚರಿತ್ರೆ ಇದೆ. ಅದು ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾದ ಜಮೀನಾಗಿದ್ದು, ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅಂಥ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನನ್ನು ಮಾರಿದ್ದರೆ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ವಶಕ್ಕೆ ತೆಗೆದುಕೊಂಡು ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ದಶಕಗಳು ಕಳೆದ ಮೇಲೆ ಹಾಕಿದ ಅರ್ಜಿಗಳು ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ಕೊಂಡವರು ನಿಟ್ಟುಸಿರು ಬಿಟ್ಟಿದ್ದರು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ತಡೆ ಇಲ್ಲವೆಂದಿತು. ಸಮುದಾಯದ ಕಣ್ಣಿನಿಂದ ನೋಡಿದರೆ ಇದು ಹಕ್ಕಿನ ರಕ್ಷಣೆ. ಸೈಟು ಕೊಳ್ಳುವವರ ಕಣ್ಣಿನಿಂದ ನೋಡಿದರೆ, ಮೂಲ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಯಾರ ಹೆಸರಿನಲ್ಲಿತ್ತು, ಅದರಲ್ಲಿ ಯಾವ ಷರತ್ತು ಬರೆದಿದೆ ಎಂದು ನೋಡದೆ ಮುಂದೆ ಹೆಜ್ಜೆ ಇಡಬಾರದು ಎಂಬ ಎಚ್ಚರಿಕೆ. ಸಾಗುವಳಿ ಚೀಟಿ ಮಾರುವವರ ಫೈಲಿನಲ್ಲಿ ತಾನಾಗಿ ಇರುವುದು ಅಪರೂಪ.

ಇನ್ನೊಂದು ಚರಿತ್ರೆ ಗೇಣಿಯದು. ಕರ್ನಾಟಕ ಭೂ ಸುಧಾರಣಾ ಕಾಯ್ದೆಯಡಿ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ಪಾಲಾದವು. ಗೇಣಿದಾರರು ಫಾರಂ 7 ಎಂಬ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು, ಅಂದರೆ ಉಳುತ್ತಿದ್ದ ಜಮೀನಿನ ಹಕ್ಕು, ಪಡೆದರು. ಈ ಹಾದಿಯಲ್ಲಿ ಬಂದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿರಲಿಲ್ಲ. ನಡುವೆ ಮಾರಿದ್ದರೆ ಮುಂದಿನ ಎಲ್ಲ ಕ್ರಯಪತ್ರಗಳ ಬುಡವೇ ಅಲ್ಲಾಡುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎಂಬ ಅದೇ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಈಗ ಯಾರು ಬೇಕಾದರೂ ಕೊಳ್ಳಬಹುದು ಎಂಬ ಮಾತು ದಲ್ಲಾಳಿಗಳ ಬಾಯಲ್ಲಿ ಸದಾ ಇದೆ. ಅರ್ಧ ನಿಜ. ಆ ಎರಡು ಅಡ್ಡಿಗಳು ಹೋದವು, ಮೇಲೆ ಹೇಳಿದವು ಹೋಗಲಿಲ್ಲ.

ಹೆಣ್ಣುಮಕ್ಕಳ ಪಾಲಿನದು ಇನ್ನೊಂದು ದೊಡ್ಡ ಅಧ್ಯಾಯ. ಒಂದು ಕಲ್ಪಿತ ಉದಾಹರಣೆಯನ್ನೇ ನೋಡಿ. ತಂದೆ 1998ರಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು 2006ರಲ್ಲಿ ಪಿತ್ರಾರ್ಜಿತ ಜಮೀನನ್ನು ತಮ್ಮೊಳಗೇ ಭಾಗ ಮಾಡಿಕೊಂಡು ಮಾರಿದರು. ವಂಶವೃಕ್ಷದಲ್ಲಿ ಅಕ್ಕನ ಹೆಸರನ್ನೇ ಕಾಣಿಸಲಿಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ದಿನ ತಂದೆ ಬದುಕಿರಲಿಲ್ಲವಲ್ಲ ಎಂಬುದು ತಮ್ಮಂದಿರ ಸಮಾಧಾನ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸಮಾಧಾನವನ್ನು ಕಿತ್ತುಕೊಂಡಿತು: ಮಗಳ ಹಕ್ಕು ಹುಟ್ಟಿನಿಂದ ಬರುವುದು, ಆ ದಿನ ತಂದೆ ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮುಂಚಿನ ಮಾರಾಟ ಮತ್ತು ವಿಭಾಗಗಳಿಗೆ ಮಾತ್ರ ಕಾಯ್ದೆಯ ರಕ್ಷಣೆ ಇದೆ. ನಮ್ಮ ಉದಾಹರಣೆಯ ಮಾರಾಟಕ್ಕೆ ಅದು ಸಿಗುವುದಿಲ್ಲ. ಅಕ್ಕ ವಿಭಾಗದ ದಾವೆ ಹಾಕಿದಾಗ, ಎಂದೋ ಸೈಟು ಕೊಂಡು ಮನೆ ಕಟ್ಟಿ ಗೃಹಪ್ರವೇಶ ಮಾಡಿಕೊಂಡವರು ನಾಲ್ಕನೆಯ ಪ್ರತಿವಾದಿಯಾಗಿ ನಿಲ್ಲಬೇಕಾಗುತ್ತದೆ.

ಇಲ್ಲಿ ಒಳ್ಳೆಯ ವಕೀಲರಿಗೂ ಸಾಧಾರಣ ವಕೀಲರಿಗೂ ಇರುವ ಅಂತರ ಚೆನ್ನಾಗಿ ಕಾಣುತ್ತದೆ. ಸಾಧಾರಣ ವಕೀಲರು ವಾದಿಯ ಹಕ್ಕನ್ನೇ ಅಲ್ಲಗಳೆದು ಜವಾಬು ಬರೆದು ಕೈತೊಳೆದುಕೊಳ್ಳುತ್ತಾರೆ. ಕಾಲಮಿತಿಯ ವಾದವನ್ನು ಎತ್ತುವುದರ ಜೊತೆಗೆ, ಅಕ್ಕನಿಗೆ ಪಾಲು ಸಿಗುವುದೇ ಆದರೆ ನನ್ನ ಕಕ್ಷಿದಾರರು ಕೊಂಡ ಭಾಗವನ್ನು ಮಾರಿದ ತಮ್ಮಂದಿರ ಪಾಲಿಗೆ ಸೇರಿಸಿ, ಅಕ್ಕನ ಪಾಲನ್ನು ಉಳಿದ ಆಸ್ತಿಯಲ್ಲಿ ಕೊಡಿ ಎಂದು ಮೊದಲ ದಿನವೇ ಬರೆದು ಕೇಳುವವರು ಬಲ್ಲವರು. ನ್ಯಾಯಾಲಯಗಳು ಇಂಥ ಕೋರಿಕೆಯನ್ನು ಸಾಧ್ಯವಿದ್ದಲ್ಲಿ ಮನ್ನಿಸುತ್ತವೆ. ಕಟ್ಟಿದ ಮನೆ ಉಳಿಯುತ್ತದೆ.

ತಾಲ್ಲೂಕು ಬದಲಾದರೆ

ಬೆಂಗಳೂರಿನಲ್ಲಿ ಹೆಸರು ಮಾಡಿದ ವಕೀಲರು ಪುತ್ತೂರಿನ ತೋಟದ ಕಾಗದ ನೋಡಿದರೆ ತಬ್ಬಿಬ್ಬಾಗಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಇಂದಿನ ಕರ್ನಾಟಕ ಹಳೆಯ ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್ ಆಡಳಿತಗಳಿಂದ, ಜೊತೆಗೆ ಕೊಡಗಿನಿಂದ ಕೂಡಿಬಂದ ನಾಡು. ಭೂಮಿಯ ಕಾಗದಗಳು ಇನ್ನೂ ಆ ಗಡಿಗಳನ್ನು ಮರೆತಿಲ್ಲ. ಕರಾವಳಿಯಲ್ಲಿ ವರ್ಗ ಜಾಗ (ಪಟ್ಟಾ ಜಮೀನು), ಕುಮ್ಕಿ (ಅದಕ್ಕೆ ಹೊಂದಿಕೊಂಡ ಜಾಗ), ಮೂಲಗೇಣಿ (ಶಾಶ್ವತ ಗೇಣಿ), ಡಿಕ್ಲರೇಷನ್ (ಭೂ ಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನು) ಎಂಬ ಮಾತುಗಳು ಪಹಣಿಗಿಂತ ಮುಖ್ಯ. ಕುಮ್ಕಿಯನ್ನು ತಲೆಮಾರುಗಳಿಂದ ಅನುಭವಿಸುತ್ತಿದ್ದರೂ ಅದು ಸರ್ಕಾರಿ ಜಾಗ, ವರ್ಗದಾರರಿಗೆ ಇರುವುದು ಸೌಲಭ್ಯ ಮಾತ್ರ; ಅದನ್ನೂ ಸೇರಿಸಿ ಎಕರೆ ಲೆಕ್ಕ ಹೇಳುವ ಮಾರಾಟಗಾರರು ಇದ್ದಾರೆ. ಕೊಡಗಿನ ಜಮ್ಮಾ ಜಮೀನಿನಲ್ಲಿ ಪಟ್ಟೇದಾರರ ಹೆಸರು ಮೇಲೆ ಕಂಡರೂ ಹಕ್ಕು ಇಡೀ ಒಕ್ಕಕ್ಕೆ, ಅಂದರೆ ಕೂಡು ಮನೆತನಕ್ಕೆ, ಸೇರಿರುತ್ತದೆ. ಉತ್ತರ ಕರ್ನಾಟಕದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಅಲ್ಲಿನ ಹಳೆಯ ದಾಖಲೆ ಮೋಡಿ ಲಿಪಿಯಲ್ಲಿರಬಹುದು. ಕಲಬುರಗಿ, ಬೀದರ್ ಕಡೆ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರಬಹುದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೋಟಿ, ತಳವಾರ, ನೀರಗಂಟಿಗಳಿಗೆ ಊರ ಚಾಕರಿಗೆಂದು ಕೊಟ್ಟ ಇನಾಮತಿ ಜಮೀನುಗಳು ಪುನರ್ಮಂಜೂರಾತಿ ಆಗಿವೆಯೇ ಎಂಬುದೇ ಒಂದು ಶೋಧನೆ.

ಆದ್ದರಿಂದ ಆಸ್ತಿ ಇರುವ ತಾಲ್ಲೂಕಿನ ನ್ಯಾಯಾಲಯದಲ್ಲಿ ಸಿವಿಲ್ ಕೇಸು ನಡೆಸುವವರನ್ನು ಹುಡುಕುವುದು ಜಾಣತನ. ಹೈಕೋರ್ಟಿನವರೆಗೆ ಹೋಗುವ ಪ್ರಸಂಗ ಬಂದರೆ ಅಲ್ಲಿಗೆ ಬೇರೆಯವರನ್ನು ನೋಡಿಕೊಳ್ಳಬಹುದು. ಧಾರವಾಡ, ಕಲಬುರಗಿಗಳಲ್ಲಿ ಪೀಠಗಳಿವೆ. ಹಾಗೆಯೇ ಕೆಲವು ಸಂಗತಿಗಳು ವಕೀಲರದೇ ಅಲ್ಲ. ಪಹಣಿಯಲ್ಲಿ ಎರಡು ಎಕರೆ ಇದ್ದು ಬೇಲಿಯೊಳಗೆ ಒಂದೂಮುಕ್ಕಾಲು ಇದ್ದರೆ ಮೊದಲು ಬೇಕಾದದ್ದು ಗಡಿ ಗುರುತಿಸುವ ಹದ್ದುಬಸ್ತು ಸರ್ವೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿದೆಯೇ, ಆಕಾರ್‌ಬಂದಿನ (ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆ) ವಿಸ್ತೀರ್ಣಕ್ಕೂ ಪಹಣಿಗೂ ತಾಳೆ ಇದೆಯೇ ಎಂಬುದನ್ನು ನೋಡದೆ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆದುಕೊಡುವ ವಕೀಲರಿಂದ ದೂರ ಇರಿ.

ಯಾರ ವಕೀಲರು?

ಬ್ಯಾಂಕು ಸಾಲ ಕೊಟ್ಟಿದೆ, ಅವರ ವಕೀಲರು ನೋಡಿಯೇ ನೋಡಿರುತ್ತಾರೆ ಎಂಬ ಭರವಸೆ ಬಹಳ ಜನರಿಗೆ ಇದೆ. ಬ್ಯಾಂಕಿನ ವಕೀಲರ ಕಕ್ಷಿದಾರ ಬ್ಯಾಂಕು. ಸಾಲದ ಮೊತ್ತಕ್ಕೆ ಈ ಅಡಮಾನ ಸಾಕೇ ಎಂಬುದು ಅವರಿಗಿರುವ ಪ್ರಶ್ನೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ಹಕ್ಕು ಉಳಿಯುತ್ತದೆಯೇ ಎಂಬುದು ನಿಮ್ಮದು. ಬಿಲ್ಡರ್ ಕಡೆಯ ವಕೀಲರು ಉಚಿತವಾಗಿ ಕೊಡುವ ಅಭಿಪ್ರಾಯವನ್ನು ಓದಿ, ಆದರೆ ಅದರ ಮೇಲೆ ಒರಗಬೇಡಿ. ಉಪನೋಂದಣಾಧಿಕಾರಿ ಕಚೇರಿಯ ಎದುರು ಕುಳಿತ ಪತ್ರ ಬರಹಗಾರರು ಪತ್ರ ಬರೆಯುವುದರಲ್ಲಿ ನಿಪುಣರಿರಬಹುದು, ಹಕ್ಕಿನ ಶೋಧನೆ ಅವರ ಕೆಲಸವಲ್ಲ.

ನಿಮ್ಮದೇ ವಕೀಲರಿಂದ ಲಿಖಿತವಾಗಿ, ಸಹಿಯೊಂದಿಗೆ ಅಭಿಪ್ರಾಯ ಪಡೆಯಿರಿ. ಅದು ಕೈಗೆ ಬಂದಾಗ ಹಕ್ಕು ಸ್ಪಷ್ಟವಾಗಿದೆ ಎಂಬ ಸಾಲನ್ನು ಹುಡುಕುವ ಬದಲು ಕೊನೆಯ ಪುಟಕ್ಕೆ ಹೋಗಿ. ಇನ್ನೂ ಒದಗಿಸಬೇಕಾದ ದಾಖಲೆಗಳು ಎಂಬ ಪಟ್ಟಿ ಅಲ್ಲಿ ಇರುತ್ತದೆ: ಮೂಲ ವಿಭಾಗ ಪತ್ರ, ಭೂ ಪರಿವರ್ತನೆಯ ಆದೇಶ, ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ, ಭೂಸ್ವಾಧೀನ ಇಲ್ಲವೆಂಬ ಹಿಂಬರಹ. ಆ ಪಟ್ಟಿ ಬರಿದಾಗುವವರೆಗೆ ಅಭಿಪ್ರಾಯ ಪೂರ್ತಿಯಾಗಿಲ್ಲ. ಪಟ್ಟಿಯೇ ಇಲ್ಲದ ಎರಡು ಪುಟದ ಅಭಿಪ್ರಾಯ ಬಂದರೆ ನನಗೆ ಅನುಮಾನ ಹೆಚ್ಚುತ್ತದೆ. ಜೆರಾಕ್ಸ್ ಪ್ರತಿಗಳನ್ನು ಮಾತ್ರ ನೋಡಿ ಬರೆದದ್ದೋ, ಮೂಲ ಪತ್ರಗಳನ್ನೂ ಕಚೇರಿಯ ನಕಲುಗಳನ್ನೂ ತಾಳೆ ನೋಡಿದ್ದೋ ಎಂಬುದನ್ನೂ ಕೇಳಿ ತಿಳಿಯಿರಿ.

ಕ್ರಯದ ಕರಾರಿನ ಹಂತದಲ್ಲಿ ವಕೀಲರನ್ನು ಬದಿಗಿಟ್ಟು, ನೋಂದಣಿಯ ದಿನ ಕರೆದರಾಯಿತು ಎಂದುಕೊಳ್ಳುವವರೂ ಇದ್ದಾರೆ. ಮುಂದೆ ಜಗಳವಾದರೆ ನ್ಯಾಯಾಲಯ ಓದುವುದು ಆ ಕರಾರನ್ನೇ. ಸ್ವಾಧೀನ ಕೊಟ್ಟಿದೆ ಎಂದು ಕರಾರಿನಲ್ಲಿ ಬರೆದಿದ್ದರೆ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಅದಕ್ಕೆ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. ಕಡಿಮೆ ಬೆಲೆಯ ಛಾಪಾ ಕಾಗದದಲ್ಲಿ ಬರೆದ ಅಂಥ ಕರಾರನ್ನು ಸಾಕ್ಷ್ಯವಾಗಿ ಹಾಜರುಪಡಿಸಿದರೆ ನ್ಯಾಯಾಲಯ ಅದನ್ನು ತಡೆಹಿಡಿದು, ಕೊರತೆ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿ ಎನ್ನಬಹುದು. ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮಾಡಿಸಿಕೊಂಡು, ಉಯಿಲು ಬರೆಸಿಕೊಂಡು, ಸೈಟು ನನ್ನದಾಯಿತು ಎನ್ನುವ ಹಳೆಯ ದಾರಿಯನ್ನು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿದೆ. ನೋಂದಾಯಿತ ಕ್ರಯಪತ್ರ ಇಲ್ಲದೆ ಮಾರಾಟ ಪೂರ್ತಿಯಾಗುವುದಿಲ್ಲ.

ಜಗಳ ಶುರುವಾದ ಮೇಲೆ

ವ್ಯಾಜ್ಯ ಹುಟ್ಟಿದ ಕೂಡಲೇ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು ಸ್ಟೇ ತರೋಣ ಎಂಬುದು. ತಡೆಯಾಜ್ಞೆ ಒಂದು ಊರುಗೋಲು ಮಾತ್ರ, ಅದರ ಮೇಲೆ ಒರಗಿ ಎಷ್ಟು ದೂರ ನಡೆಯಬಹುದು ಎಂಬುದನ್ನು ತೀರ್ಮಾನಿಸುವುದು ದಾವೆಯಲ್ಲಿ ನೀವು ಏನು ಕೇಳಿದ್ದೀರಿ ಎಂಬುದು. ಸ್ವಾಧೀನ ನಿಮ್ಮದಿದ್ದು, ಹಕ್ಕಿನ ಬಗ್ಗೆ ಗಂಭೀರ ತಕರಾರು ಇಲ್ಲದಿದ್ದರೆ ಬರೀ ಪ್ರತಿಬಂಧಕಾಜ್ಞೆಯ ದಾವೆ ಸಾಕು. ಎದುರಾಳಿ ಹಕ್ಕನ್ನೇ ಪ್ರಶ್ನಿಸಿ ದಾಖಲೆ ತೋರಿಸುತ್ತಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಸ್ವಾಧೀನ ತಪ್ಪಿಹೋಗಿದ್ದರೆ ಸ್ವಾಧೀನವನ್ನೂ ಕೇಳಬೇಕು. 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ನ್ಯಾಯಾಲಯ ಶುಲ್ಕ ಉಳಿಸಲೆಂದು ಬರೀ ಪ್ರತಿಬಂಧಕಾಜ್ಞೆ ಕೇಳಿ, ಎಂಟು ಹತ್ತು ವರ್ಷ ನಡೆಸಿ, ಕೊನೆಗೆ ಘೋಷಣೆ ಕೇಳಿಲ್ಲವೆಂಬ ಕಾರಣಕ್ಕೆ ಸೋಲುವುದು ನಮ್ಮ ಸಿವಿಲ್ ನ್ಯಾಯಾಲಯಗಳಲ್ಲಿ ಅಪರೂಪವಲ್ಲ. ಅಷ್ಟರಲ್ಲಿ ಹೊಸ ದಾವೆಯ ಕಾಲಮಿತಿಯೂ ಮುಗಿದಿರುತ್ತದೆ.

ಕಾಲಮಿತಿಯ ಲೆಕ್ಕ ಪಕ್ಕಾ ಇರುವ ವಕೀಲರು ಸಿಕ್ಕರೆ ಅದೇ ಅರ್ಧ ಗೆಲುವು. ಕ್ರಯದ ಕರಾರನ್ನು ಜಾರಿ ಮಾಡಿಸಲು, ಅಂದರೆ ಬರೆದುಕೊಡಲು ಒಪ್ಪದ ಮಾಲೀಕರಿಂದ ಕ್ರಯಪತ್ರ ಪಡೆಯಲು, ಮೂರು ವರ್ಷ. ಹಕ್ಕು ಘೋಷಣೆಗೆ ಮೂರು ವರ್ಷ. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಮರಳಿ ಪಡೆಯಲು ಹನ್ನೆರಡು ವರ್ಷ. ಕಾನೂನಿನ ಹಾದಿ ಬಿಟ್ಟು ಬಲವಂತದಿಂದ ಹೊರಹಾಕಿದ್ದರೆ, ಹಕ್ಕಿನ ಗೊಡವೆಗೇ ಹೋಗದೆ, ಸ್ವಾಧೀನ ತಪ್ಪಿದ್ದನ್ನಷ್ಟೇ ತೋರಿಸಿ ಮರಳಿ ಪಡೆಯುವ ಹಾದಿ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿದೆ. ಅದಕ್ಕೆ ಆರೇ ತಿಂಗಳು. ಪೊಲೀಸ್ ಠಾಣೆಗೂ ತಹಶೀಲ್ದಾರರ ಕಚೇರಿಗೂ ಅಲೆದು ಆ ಆರು ತಿಂಗಳನ್ನು ಕಳೆದುಕೊಳ್ಳುವವರು ಬಹಳ.

ಕ್ರಯದ ಕರಾರಿನ ದಾವೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಕಿ ಹಣ ಕೊಟ್ಟು ಕ್ರಯ ಮಾಡಿಸಿಕೊಳ್ಳಲು ತಾನು ಆದಿಯಿಂದಲೂ ಸಿದ್ಧನಿದ್ದೆ, ಶಕ್ತನೂ ಆಗಿದ್ದೆ ಎಂದು ವಾದಿ ಸಾಬೀತು ಮಾಡಬೇಕು. ಆದ್ದರಿಂದ ತಿಳಿದ ವಕೀಲರು ಬ್ಯಾಂಕ್ ಪಾಸ್‌ಬುಕ್, ಸಾಲ ಮಂಜೂರಾತಿ ಪತ್ರ, ಕಾಲಕಾಲಕ್ಕೆ ಕಳಿಸಿದ ನೋಟಿಸುಗಳನ್ನು ದಾವೆಗೆ ಮುಂಚೆಯೇ ಜೋಡಿಸಿಟ್ಟುಕೊಳ್ಳುತ್ತಾರೆ.

ಯಾವ ಬಾಗಿಲು ತಟ್ಟಬೇಕು ಎಂಬುದೂ ಅವರೇ ಹೇಳಬೇಕಾದ ಮಾತು. ಮ್ಯುಟೇಷನ್ ತಕರಾರು ತಹಶೀಲ್ದಾರರಿಂದ ಉಪವಿಭಾಗಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ ಹೋಗುತ್ತದೆ. ಆ ಮೂರು ಮೆಟ್ಟಿಲು ಹತ್ತಿ ಗೆದ್ದರೂ ಬದಲಾಗುವುದು ಪಹಣಿಯ ಕಾಲಂ ಮಾತ್ರ. ಹಕ್ಕಿನ ತಕರಾರು ಇದ್ದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಫ್ಲಾಟು ಹೊತ್ತಿಗೆ ಸಿಗದಿದ್ದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇದೆ. 2016ರ ಆ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಮಾಡದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ತಡವಾದರೆ ಬಡ್ಡಿ ಸಹಿತ ಹಣ ವಾಪಸು ಕೇಳಬಹುದು. ರೇರಾ ಮುಂದೆ ಖರೀದಿದಾರರು ತಾವೇ ಹಾಜರಾಗಿ ವಾದ ಮಂಡಿಸಬಹುದು, ವಕೀಲರು ಕಡ್ಡಾಯವಲ್ಲ. ಆದೇಶ ಸಿಗುವುದು ಕಷ್ಟವಲ್ಲ, ಹಣ ವಸೂಲಿ ಕಷ್ಟ. ಬಿಲ್ಡರ್ ಆಸ್ತಿ ಎಲ್ಲಿದೆ ಎಂದು ಪತ್ತೆ ಹಚ್ಚಿ ವಸೂಲಿಯ ಬೆನ್ನು ಹತ್ತುವ ಹಂತಕ್ಕೆ ವಕೀಲರು ನಿಜವಾಗಿ ಬೇಕಾಗುತ್ತಾರೆ. ಸರ್ಕಾರದ ವಿರುದ್ಧ ದಾವೆಗೆ ಎರಡು ತಿಂಗಳು ಮುಂಚೆ ನೋಟಿಸು ಕೊಡಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ಹಾಕಬಹುದು. ಎದುರಾಳಿ ನಿಮಗೆ ತಿಳಿಸದೆ ಆಜ್ಞೆ ತಂದಾನು ಎಂಬ ಭಯವಿದ್ದರೆ ಕೇವಿಯಟ್, ಅಂದರೆ ನನ್ನನ್ನೂ ಕೇಳಿ ಆಜ್ಞೆ ಮಾಡಿ ಎಂಬ ಅರ್ಜಿ, ಹಾಕಿಸಿ. ಅದು ತೊಂಬತ್ತು ದಿನ ಚಾಲ್ತಿಯಲ್ಲಿರುತ್ತದೆ.

ಅಣ್ಣತಮ್ಮಂದಿರ ಜಗಳಗಳಲ್ಲಿ ಮಾತ್ರ ನನ್ನ ಒಲವು ರಾಜಿಯ ಕಡೆಗೆ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ಕೆಲಸ ಮಾಡುತ್ತಿದೆ, ಜಿಲ್ಲೆಗಳಲ್ಲೂ ಇಂಥ ಕೇಂದ್ರಗಳಿವೆ. ಅಲ್ಲಿ ಆಡಿದ ಮಾತು ಗೋಪ್ಯ. ರಾಜಿ ಮುರಿದುಬಿದ್ದರೆ ಅದನ್ನು ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಎತ್ತುವಂತಿಲ್ಲ. ಲೋಕ ಅದಾಲತ್‌ನಲ್ಲಿ ಮುಗಿದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ, ಆ ಆದೇಶದ ಮೇಲೆ ಮೇಲ್ಮನವಿಯೂ ಇಲ್ಲ. ಮೇಲ್ಮನವಿ ಇಲ್ಲದಿರುವುದರಿಂದಲೇ ರಾಜಿ ಪತ್ರವನ್ನು ದಾವಾ ಪತ್ರಕ್ಕಿಂತ ಹೆಚ್ಚು ಎಚ್ಚರದಿಂದ ಬರೆಸಬೇಕು. ಯಾರಿಗೆ ಯಾವ ಮಗ್ಗುಲು, ದಾರಿ ಎಷ್ಟು ಅಡಿ, ಬೋರ್‌ವೆಲ್ ನೀರು ಯಾರಿಗೆ ಎಂದು ನಕ್ಷೆ ಸಮೇತ ಬರೆಯದ ರಾಜಿ ಇನ್ನೊಂದು ದಾವೆಯ ಬೀಜ. ದಾವೆಯಲ್ಲಿ ಇಲ್ಲದ ಆಸ್ತಿಯನ್ನು ರಾಜಿಗೆ ಸೇರಿಸಿದರೆ ಆ ಭಾಗಕ್ಕೆ ನೋಂದಣಿ ಬೇಕಾಗುತ್ತದೆ ಎಂಬುದನ್ನು ಮರೆತು ಕೂತ ಕುಟುಂಬಗಳೂ ಇವೆ.

ವಕಾಲತ್ತಿಗೆ ಸಹಿ ಹಾಕುವ ಮುನ್ನ

ವಕೀಲರನ್ನು ಜಾಹೀರಾತು ನೋಡಿ ಆರಿಸಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವೃತ್ತಿ ಕ್ಷೇತ್ರದಂಥ ಕೆಲವು ವಿವರಗಳನ್ನು ಜಾಲತಾಣದಲ್ಲಿ ಹಾಕಲು 2008ರಿಂದ ಅವಕಾಶ ಇದೆ, ಅಷ್ಟೆ. ಆನ್‌ಲೈನ್ ತಾಣಗಳು ವಕೀಲರಿಗೆ ಅಂಕ ಕೊಟ್ಟು ಸರಕಿನಂತೆ ಪಟ್ಟಿ ಮಾಡುವುದನ್ನು 2024ರಲ್ಲಿ ಮದ್ರಾಸ್ ಹೈಕೋರ್ಟ್ ಕಟುವಾಗಿ ಟೀಕಿಸಿತು. ಬಾಯಿಂದ ಬಾಯಿಗೆ ಬಂದ ಹೆಸರನ್ನೇ ಹಿಡಿಯಿರಿ, ಆಮೇಲೆ ಇ-ಕೋರ್ಟ್ಸ್ ತಾಣದಲ್ಲಿ ಆ ಹೆಸರು ಹಾಕಿ ನೋಡಿ. ಎಂಥ ದಾವೆಗಳು, ಯಾವ ನ್ಯಾಯಾಲಯ, ಕೇಸು ಯಾವ ಹಂತದಲ್ಲಿ ನಿಂತಿದೆ, ಎಷ್ಟು ಸಲ ವಾಯಿದೆ ಬಿದ್ದಿದೆ ಎಂಬುದೆಲ್ಲ ಅಲ್ಲಿ ಬಯಲಾಗಿದೆ. ಮೊದಲ ಭೇಟಿಯಲ್ಲಿ ಅವರು ನಿಮ್ಮ ಮಾತಿಗಿಂತ ನಿಮ್ಮ ಕಾಗದವನ್ನು ಹೆಚ್ಚು ಹೊತ್ತು ನೋಡಿದರೆ ಒಳ್ಳೆಯ ಲಕ್ಷಣ. ಗೆಲುವಿನ ಖಾತ್ರಿ ಕೊಟ್ಟರೆ ಎದ್ದು ಬನ್ನಿ.

ಶುಲ್ಕದ ಮಾತನ್ನು ಸಂಕೋಚ ಬಿಟ್ಟು ಆಡಿ, ಬರೆದುಕೊಳ್ಳಿ. ವಾಯಿದೆಗೆ ಇಷ್ಟೋ, ಹಂತಕ್ಕೆ ಇಷ್ಟೋ, ಇಡೀ ದಾವೆಗೋ. ನಕಲು, ನೋಟಿಸು, ಕಮಿಷನರ್ ಖರ್ಚು ಬೇರೆಯೋ ಸೇರಿಯೋ ಎಂಬುದು ಮೊದಲೇ ಸ್ಪಷ್ಟವಾಗಿರಲಿ. ಗೆದ್ದರೆ ಒಂದು ಸೈಟು ಕೊಡಿ, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ ಎಂಬ ಒಪ್ಪಂದಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಫಲಿತಾಂಶಕ್ಕೆ ಕಟ್ಟಿದ ಶುಲ್ಕ ವೃತ್ತಿ ದುರ್ನಡತೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲದೆಯೇ ಉಚಿತ ಕಾನೂನು ನೆರವು ಇದೆ ಎಂಬುದು ಹಳ್ಳಿಗಳಲ್ಲಿ ಇನ್ನೂ ಗೊತ್ತಿಲ್ಲ. ತಾಲ್ಲೂಕು ನ್ಯಾಯಾ­ಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಪಾಲು ಕೇಳಲು ಹೊರಟ ಅಕ್ಕತಂಗಿಯರು ಮೊದಲು ಅಲ್ಲಿ ವಿಚಾರಿಸಬಹುದು.

ವಕೀಲರು ಸರಿಹೋಗದಿದ್ದರೆ ಬದಲಿಸುವ ಹಕ್ಕು ನಿಮ್ಮದು. ಶುಲ್ಕ ಬಾಕಿ ಇದೆಯೆಂದು ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವಕೀಲರ ಸೇವೆಯಲ್ಲಿ ಲೋಪವಾಯಿತೆಂದು ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಈಗ ಇಲ್ಲ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲ ವೃತ್ತಿಯನ್ನು ಗ್ರಾಹಕ ರಕ್ಷಣಾ ಕಾಯ್ದೆಯಿಂದ ಹೊರಗಿಟ್ಟಿತು. ದುರ್ನಡತೆಯ ದೂರಿಗೆ ರಾಜ್ಯ ವಕೀಲರ ಪರಿಷತ್ತು ಇದೆ. ಮೂಲ ಪತ್ರಗಳನ್ನು ಯಾರಿಗೂ ರಸೀದಿ ಇಲ್ಲದೆ ಕೊಡಬೇಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೆರಡು ಮಾತು. ಅನಿವಾಸಿ ಭಾರತೀಯರು ಮನೆ, ಸೈಟು ಕೊಳ್ಳಬಹುದು; ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ವಾರಸಿನಿಂದ ಬಂದರೆ ಇಟ್ಟುಕೊಳ್ಳಬಹುದು. ಊರಿನಲ್ಲಿರುವ ಭಾವನಿಗೋ ಚಿಕ್ಕಪ್ಪನಿಗೋ ಅಧಿಕಾರ ಪತ್ರ ಬರೆದುಕೊಡುವುದಾದರೆ ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್ ಅಥವಾ ನೋಟರಿ ಮುಂದೆ ಮಾಡಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಎಲ್ಲ ಆಸ್ತಿಗೂ ಎಲ್ಲ ಕೆಲಸಕ್ಕೂ ಅನ್ವಯಿಸುವ ಸಾಮಾನ್ಯ ಅಧಿಕಾರ ಪತ್ರದ ಬದಲು ಇಂಥ ಆಸ್ತಿ, ಇಂಥ ಕೆಲಸ ಎಂದು ಹೆಸರಿಸಿದ ಪತ್ರ ಬರೆಸಿ. ಮಾರುವ ಅಧಿಕಾರ ಕೊಡುವುದಾದರೆ ಕನಿಷ್ಠ ಬೆಲೆ ಎಷ್ಟು, ಹಣ ಯಾವ ಬ್ಯಾಂಕ್ ಖಾತೆಗೆ ಜಮೆಯಾಗಬೇಕು ಎಂಬುದನ್ನು ಅದರಲ್ಲೇ ನಮೂದಿಸಿ. ಮುಂದೆ ಅದನ್ನು ರದ್ದು ಮಾಡಿದರೆ ರದ್ದತಿ ಪತ್ರವನ್ನು ನೋಂದಾಯಿಸಿ, ಅಧಿಕಾರ ಪಡೆದವರಿಗೂ ಉಪನೋಂದಣಾಧಿಕಾರಿಗೂ ವಕೀಲರ ಮೂಲಕ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪತ್ರವನ್ನು ಕಡತದಲ್ಲಿ ಇಟ್ಟುಕೊಳ್ಳಿ.